ಸಂಸಾರಸಮೇತ ನಡುಗಡ್ಡೆಗೆ: ಬೊರಿವಲಿಯವರ ಚಳಿಗಾಲದ ರಜೆ

ಮುಂಬಯಿಯ ಚಳಿಯು ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಆದರೂ ಡಿಸೆಂಬರ್ ತಿಂಗಳು ಬಂದಿತೆಂದರೆ ಬೊರಿವಲಿಯ ಬೆಳಗಿಗೆ ಬೇರೆಯೇ ಒಂದು ಕಳೆ ಬರುತ್ತದೆ. ರಾಷ್ಟ್ರೀಯ ಉದ್ಯಾನದ ಗುಡ್ಡಗಳ ಕಡೆಯಿಂದ ಬೀಸುವ ಗಾಳಿ ತಂಪಾಗುತ್ತದೆ. ಹೋಟೆಲಿನ ಬಾಗಿಲು ತೆರೆಯುವ ಮುಂಚೆಯೇ ಬಿಸಿ ಚಹಕ್ಕಾಗಿ ಕಾದು ನಿಲ್ಲುವವರು ಹೆಚ್ಚುತ್ತಾರೆ. ಇದೇ ಕಾಲದಲ್ಲಿ ಹೋಟೆಲಿನ ಮೇಜುಗಳ ಸುತ್ತ “ಈ ಸಲ ಎಲ್ಲಿಗೆ?” ಎಂಬ ಮಾತೂ ಕೇಳಿಬರುತ್ತದೆ. ಒಬ್ಬರು ಅಂಡಮಾನ ಎನ್ನುತ್ತಾರೆ, ಮತ್ತೊಬ್ಬರು ಲಕ್ಷದ್ವೀಪ ಎನ್ನುತ್ತಾರೆ, ಕೈಯಲ್ಲಿ ಹಣವುಳ್ಳವರು ಮಾಲ್ದೀವ್ ಎನ್ನುತ್ತಾರೆ. ಅವರ ಮುಂದೆ ಇಡ್ಲಿಯ ತಟ್ಟೆಯನ್ನಿಡುವ ನಮ್ಮ ತರುಣನು ಈ ಮಾತುಗಳನ್ನು ವರ್ಷವರ್ಷವೂ ಕೇಳುತ್ತಾನೆ. ತಾನೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಾಗೆ ಹೋಗಬಹುದೆಂಬ ವಿಚಾರ ಮಾತ್ರ ಅವನಿಗೆ ಬರುವುದು ಅಪರೂಪ.

ರಜೆ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಊರು; ಕಾಲ, ಎಪ್ರಿಲ್ ಮತ್ತು ಮೇ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಮದುವೆಯ ಮುಹೂರ್ತಗಳು ಕೂಡಿಬಂದಿರುತ್ತವೆ. ಹದಿನೈದು ದಿನಗಳಲ್ಲಿ ನಾಲ್ಕು ಮದುವೆ, ಒಂದು ಗೃಹಪ್ರವೇಶ, ಕುಟುಂಬದ ನೇಮ, ತೋಟದ ಗಡಿಯ ತಕರಾರು, ಮಳೆಗೆ ಮುಂಚೆ ಮಾಡಿನ ಹಂಚು ಕೈಯಾಡಿಸುವ ಕೆಲಸ, ಇವೆಲ್ಲ ಮುಗಿಯುವುದರೊಳಗೆ ಹಿಂದಿರುಗುವ ದಿನ ಬಂದಿರುತ್ತದೆ. ಮನೆಯಾಕೆಯಂತೂ ಬೊರಿವಲಿಯ ಖೋಲಿಯ ಅಡಿಗೆಮನೆಯಿಂದ ಊರಿನ ದೊಡ್ಡ ಅಡಿಗೆಮನೆಗೆ ಹೋಗಿ, ಅಲ್ಲಿಂದ ಮರಳಿ ಇಲ್ಲಿಗೆ ಬರುತ್ತಾಳೆ. ಊರಿನ ಋಣವನ್ನು ತೀರಿಸಬಾರದೆಂದು ನಾವು ಹೇಳುತ್ತಿಲ್ಲ. ಋಣ ತೀರಿಸುವುದು ಬೇರೆ, ವಿಶ್ರಾಂತಿ ಬೇರೆ. ಒಂದರ ಲೆಕ್ಕದಲ್ಲಿ ಇನ್ನೊಂದನ್ನು ಸೇರಿಸಬಾರದೆಂಬುದಷ್ಟೇ ನಮ್ಮ ಅಭಿಪ್ರಾಯ.

ಇನ್ನು ಹೋಟೆಲಿನಲ್ಲಿಯೇ ಉಂಡು ಅಲ್ಲಿಯೇ ಮಲಗುವ ಎಷ್ಟೋ ಮಂದಿಗೆ ಬೊರಿವಲಿಯಲ್ಲಿ ಸಂಸಾರವೇ ಇಲ್ಲ. ಹೆಂಡತಿ ಮಕ್ಕಳು ಕುಂದಾಪುರದ ಕಡೆಯಲ್ಲೋ ಕಾರ್ಕಳದ ಕಡೆಯಲ್ಲೋ ಇರುತ್ತಾರೆ. ದಿನವೂ ನೂರಾರು ಸಂಸಾರಗಳಿಗೆ ಬಡಿಸುವ ಕೈ ತನ್ನ ಮಕ್ಕಳ ಪಕ್ಕದಲ್ಲಿ ಕುಳಿತು ಉಣ್ಣುವುದು ವರ್ಷಕ್ಕೆ ಕೆಲವೇ ದಿನ. ಆ ದಿನಗಳೂ ಮದುವೆ ಮನೆಯ ಪಂಕ್ತಿಯಲ್ಲಿ ಕಳೆದುಹೋಗುತ್ತವೆ. ಚಳಿಗಾಲದಲ್ಲಿ ಒಂದೆರಡು ದಿನವಾದರೂ ತಂದೆ ತಾಯಿ ಮಕ್ಕಳು ಮಾತ್ರ ಇರುವ ಪ್ರವಾಸವೊಂದನ್ನು ಏರ್ಪಡಿಸಿಕೊಳ್ಳಬೇಕೆಂದು ನಾವು ಹೇಳುವುದು ಈ ಕಾರಣಕ್ಕಾಗಿ. ಆ ಪ್ರವಾಸಕ್ಕೆ ನಡುಗಡ್ಡೆಯಂಥ ತಾಣ ಮತ್ತೊಂದಿಲ್ಲ. ಅಲ್ಲಿಗೆ ನಂಟರು ಹುಡುಕಿಕೊಂಡು ಬರುವುದಿಲ್ಲ.

ನಾವಿರುವುದೇ ದ್ವೀಪದಲ್ಲಿ

ದ್ವೀಪವೆಂದರೆ ಹಣವಂತರ ಮಾತೆಂದು ಹೆದರುವವರು ಒಂದು ಸಂಗತಿಯನ್ನು ನೆನೆಯಬೇಕು. ಬೊರಿವಲಿಯೇ ಇರುವುದು ಒಂದು ದ್ವೀಪದಲ್ಲಿ. ಉತ್ತರಕ್ಕೆ ವಸಾಯಿಯ ಖಾಡಿ, ಪೂರ್ವಕ್ಕೆ ಥಾಣೆಯ ಖಾಡಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಇವುಗಳ ನಡುವಿನ ನೆಲಕ್ಕೆ ಸಾಷ್ಟಿ ಎಂದು ಹೆಸರು. ಅರುವತ್ತಾರು ಹಳ್ಳಿಗಳ ನೆಲವಾದುದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ದಕ್ಷಿಣದ ಏಳು ನಡುಗಡ್ಡೆಗಳು ಕೂಡಿ ಮುಂಬಯಿಯಾದ ಮೇಲೆಯೂ ಮಾಹಿಮ್ ಖಾಡಿಯು ಸಾಷ್ಟಿಯನ್ನು ಬೇರೆಯಾಗಿಯೇ ಇಟ್ಟಿತ್ತು. 1845ರಲ್ಲಿ ಲೇಡಿ ಜಮ್‌ಶೆಟ್‌ಜಿ ಜೀಜೀಭಾಯಿಯವರ ದಾನದಿಂದ ಮಾಹಿಮ್ ಕಟ್ಟೆರಸ್ತೆ ಆಗುವವರೆಗೆ ಈ ಕಡೆಯವರು ದೋಣಿ ಹತ್ತಿ ಮುಂಬಯಿಗೆ ಹೋಗಬೇಕಾಗಿತ್ತು. ಇಂದು ಲೋಕಲಿನ ಬಾಗಿಲಲ್ಲಿ ನೇತಾಡಿಕೊಂಡು ಆ ಖಾಡಿಯನ್ನು ದಾಟುವಾಗ ಕೆಳಗೆ ನೀರಿದೆಯೆಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ.

ಆದುದರಿಂದ ನಡುಗಡ್ಡೆಗೆ ಹೋಗುವುದು ನಮ್ಮವರಿಗೆ ಹೊಸದೇನೂ ಅಲ್ಲ. ಎಷ್ಟು ದಿನ ರಜೆ ಸಿಕ್ಕೀತು, ಎಷ್ಟು ಹಣ ಒದಗೀತು ಎಂಬುದರ ಮೇಲೆ ಯಾವ ನಡುಗಡ್ಡೆ ಎಂಬುದು ನಿಶ್ಚಯವಾಗಬೇಕು.

ಮೊದಲು ರಜೆಯ ಮಾತು

ಪ್ರವಾಸದ ಯೋಜನೆ ಟಿಕೇಟಿನಿಂದ ಆರಂಭವಾಗುವುದೆಂದು ಹಲವರು ತಿಳಿದಿದ್ದಾರೆ. ದುಡಿಯುವವನಿಗೆ ಅದು ರಜೆಯ ಅರ್ಜಿಯಿಂದ ಆರಂಭವಾಗುತ್ತದೆ. ಹೋಟೆಲಿನಲ್ಲಿ ಕ್ರಿಸ್ಮಸ್ಸಿನಿಂದ ಹೊಸ ವರ್ಷದವರೆಗೆ ಗಿರಾಕಿಗಳ ನೂಕುನುಗ್ಗಲು. ಆಗ ರಜೆ ಕೇಳಿದರೆ ಧಣಿಗಳಿಗೂ ಕಷ್ಟ, ಜೊತೆಯ ಕೆಲಸಗಾರರಿಗೂ ಭಾರ. ಡಿಸೆಂಬರಿನ ಮೊದಲ ಎರಡು ವಾರಗಳು, ಅಥವಾ ಮಕರ ಸಂಕ್ರಾಂತಿಯ ಬಳಿಕದ ದಿನಗಳು ಹೋಟೆಲಿನವರಿಗೆ ಅನುಕೂಲ. ಆಗ ರೈಲಿನಲ್ಲಿಯೂ ವಸತಿಗೃಹಗಳಲ್ಲಿಯೂ ವರ್ಷಾಂತ್ಯದಷ್ಟು ಒತ್ತಡವಿರುವುದಿಲ್ಲ. ಕಚೇರಿಯ ಗುಮಾಸ್ತರಿಗೆ, ಅದರಲ್ಲೂ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದುವವರಿಗೆ, ಕ್ರಿಸ್ಮಸ್ಸಿನ ರಜೆಯೇ ಗತಿ. ಅವರು ಮುಂಗಡವಾಗಿ ಎಚ್ಚರ ವಹಿಸಬೇಕು.

ರಜೆಯು ಧಣಿಯ ಕೃಪೆಯೆಂದು ತಿಳಿದವರು ನಮ್ಮಲ್ಲಿ ಇಂದಿಗೂ ಇದ್ದಾರೆ. 2017ರಲ್ಲಿ ಮಹಾರಾಷ್ಟ್ರವು ಅಂಗಡಿ ಮತ್ತು ಸಂಸ್ಥೆಗಳ ಬಗ್ಗೆ ಮಾಡಿದ ಕಾನೂನು ಉಪಾಹಾರಗೃಹಗಳನ್ನೂ ಒಳಗೊಂಡಿದೆ. ಕಾನೂನು ಹೇಳುವ ಸಂಖ್ಯೆಯಷ್ಟು ಕೆಲಸಗಾರರಿರುವ ಕಡೆ ವಾರಕ್ಕೊಂದು ದಿನ ಬಿಡುವು ಕೊಡಬೇಕು. ವರ್ಷದಲ್ಲಿ 240 ದಿನಗಳಿಗೆ ಕಡಿಮೆಯಿಲ್ಲದೆ ದುಡಿದವನಿಗೆ ಪ್ರತಿ 20 ದಿನಗಳ ದುಡಿಮೆಗೆ ಒಂದು ದಿನದಂತೆ ಸಂಬಳಸಹಿತ ರಜೆ ಸಲ್ಲಬೇಕು. ಬಳಸದ ರಜೆಯನ್ನು 45 ದಿನಗಳವರೆಗೆ ಕೂಡಿಡಬಹುದು ಎಂದು ಅದು ವಿಧಿಸಿತು. 300 ದಿನ ದುಡಿದವನ ಲೆಕ್ಕಕ್ಕೆ 15 ದಿನ ಸೇರುತ್ತವೆ. ಅವುಗಳಲ್ಲಿ ಹತ್ತನ್ನು ಮೇ ತಿಂಗಳ ಮದುವೆಗಳಿಗೆ ಕೊಟ್ಟರೂ ಐದು ಉಳಿಯುತ್ತವೆ. ಜಗಳದಿಂದಲ್ಲ, ಎರಡು ತಿಂಗಳು ಮುಂಚಿತವಾಗಿ, ತನ್ನ ಬದಲಿಗೆ ಯಾರು ನಿಲ್ಲುವರೆಂಬುದನ್ನೂ ಗೊತ್ತುಮಾಡಿಕೊಂಡು ಕೇಳಿದರೆ ಬಹುಮಟ್ಟಿಗೆ ರಜೆ ಸಿಕ್ಕುತ್ತದೆ.

ಒಂದೇ ದಿನದ ಬಿಡುವಿದ್ದರೆ

ವಾರದ ಬಿಡುವು ಮಾತ್ರ ಇರುವವರಿಗೆ ಗೋರಾಯಿ ಇದೆ. ಬೊರಿವಲಿ ಪಶ್ಚಿಮದ ಧಕ್ಕೆಯಿಂದ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಖಾಡಿಯ ಆಚೆ ದಡ. ಗೋರಾಯಿ, ಮನೋರಿ, ಉತ್ತನ್ ಹಳ್ಳಿಗಳಿರುವ ಈ ನೆಲಕ್ಕೆ ಹಿಂದೆ ಧಾರಾವಿ ದ್ವೀಪವೆಂಬ ಹೆಸರಿತ್ತು. ಮಾಹಿಮಿನ ಬಳಿಯ ಧಾರಾವಿ ಬೇರೆ. ಈಗ ಭಾಯಂದರಿನ ಕಡೆಯಿಂದ ಇಲ್ಲಿಗೆ ರಸ್ತೆಯೂ ಇದೆ. ಕೋಳಿ ಬೆಸ್ತರೂ ಈಸ್ಟ್ ಇಂಡಿಯನ್ ಕ್ರೈಸ್ತರೂ ಇಲ್ಲಿನ ಹಳಬರು. 2009ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ವಿಪಶ್ಯನಾ ಪಗೋಡವು ಖಾಡಿಯ ಈಚೆಯಿಂದಲೇ ಹೊಳೆಯುತ್ತದೆ. ಒಳಗೆ ಒಂದೂ ಕಂಬವಿಲ್ಲದ ಅದರ ಗುಮ್ಮಟದ ಕೆಳಗೆ 8,000 ಮಂದಿ ಕುಳಿತು ಧ್ಯಾನ ಮಾಡಬಹುದು. ಬೆಳಗ್ಗೆ ಹೋಗಿ, ಕಟ್ಟಿಕೊಂಡು ಹೋದ ಬುತ್ತಿಯನ್ನು ತೆಂಗಿನ ನೆರಳಿನಲ್ಲಿ ಬಿಚ್ಚಿ, ಹೊತ್ತು ಮುಳುಗುವ ಮುಂಚೆ ಮರಳಿದರೆ ಖರ್ಚು ಬಹಳವಾಗದು.

ಗೇಟ್‌ವೇ ಆಫ್ ಇಂಡಿಯಾದಿಂದ ಸುಮಾರು ಒಂದು ಗಂಟೆಯ ದೋಣಿಪಯಣದಲ್ಲಿ ಘಾರಾಪುರಿ, ಅಂದರೆ ಎಲಿಫೆಂಟಾ ಸಿಕ್ಕುತ್ತದೆ. ಬಂಡೆಯಲ್ಲಿ ಕೊರೆದ ಸದಾಶಿವನ ಮೂರು ಮುಖಗಳ ಭವ್ಯ ಮೂರ್ತಿಯನ್ನು ಮಕ್ಕಳಿಗೆ ಒಮ್ಮೆ ತೋರಿಸಲೇಬೇಕು. ಈ ಗುಹೆಗಳು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಮುಂಬಯಿಯ ದೀಪಗಳನ್ನು ಪ್ರತಿ ರಾತ್ರಿ ಎದುರಿಗೇ ಕಾಣುತ್ತಿದ್ದ ಆ ದ್ವೀಪದ ಹಳ್ಳಿಗಳಿಗೆ, ಕಡಲ ತಳದಲ್ಲಿ ಹಾಸಿದ ತಂತಿಯ ಮೂಲಕ ವಿದ್ಯುತ್ತು ಬಂದದ್ದು 2018ರಲ್ಲಿ ಮಾತ್ರ. ವಾರದ ಬಿಡುವು ಸೋಮವಾರ ಬರುವ ಹೋಟೆಲಿನವರು ಒಂದು ವಿಷಯ ಗಮನಿಸತಕ್ಕದ್ದು: ಸೋಮವಾರ ಗುಹೆಗಳು ಮುಚ್ಚಿರುತ್ತವೆ.

ಐದಾರು ದಿನಗಳಿದ್ದರೆ ಮಲ್ಪೆ

ನಮ್ಮ ಅಭಿಪ್ರಾಯದಲ್ಲಿ ಬೊರಿವಲಿಯ ಕನ್ನಡ ಸಂಸಾರಕ್ಕೆ ಎಲ್ಲಕ್ಕಿಂತ ಒಪ್ಪುವ ನಡುಗಡ್ಡೆ ಮಲ್ಪೆಯ ಎದುರಿನದು. ಊರವರು ತೋನ್ಸೆಪಾರ್ ಎನ್ನುವ, ಜಗತ್ತು ಸೈಂಟ್ ಮೇರೀಸ್ ಎಂದು ಕರೆಯುವ ಈ ದ್ವೀಪಸಮೂಹವು ಉಡುಪಿಗೆ ಅಷ್ಟು ಹತ್ತಿರವಿದ್ದರೂ, ಮಲ್ಪೆಯ ಮೀನು ತಿಂದು ಬೆಳೆದ ನಮ್ಮಲ್ಲಿ ಅನೇಕರು ಅದನ್ನು ಕಂಡಿಲ್ಲ. ಕಾರಣ ಸರಳವಾದದ್ದು: ಊರಿಗೆ ಹೋಗುವುದು ಮೇ ತಿಂಗಳಲ್ಲಿ, ಆಗ ಪುರಸೊತ್ತಿಲ್ಲ. ಮುಂಗಾರು ಕಾಲಿಟ್ಟೊಡನೆ ದೋಣಿಗಳು ನಿಲ್ಲುತ್ತವೆ. ಸಮುದ್ರ ತಿಳಿಯಾಗಿ, ಹಗಲಿನ ಬಿಸಿಲು ಹಿತವಾಗಿರುವ ಡಿಸೆಂಬರ್ ಜನವರಿಗಳಲ್ಲಿ ನಾವು ಊರಿನಲ್ಲಿರುವುದಿಲ್ಲ.

ಮಲ್ಪೆಯ ಧಕ್ಕೆಯಿಂದ ಸುಮಾರು ಅರ್ಧ ಗಂಟೆಯ ಪ್ರಯಾಣ. ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪದಲ್ಲಿ ಆರು ಮೂಲೆಯ, ಐದು ಮೂಲೆಯ ಕಲ್ಲಿನ ಕಂಬಗಳು ಶಿಲ್ಪಿಯೊಬ್ಬನು ಕಡಿದು ಜೋಡಿಸಿದಂತೆ ಸಾಲುಸಾಲಾಗಿ ನಿಂತಿವೆ. ಭೂಗರ್ಭದಿಂದ ಉಕ್ಕಿದ ಬೆಂಕಿಯ ದ್ರವವು ನಿಧಾನವಾಗಿ ತಣಿದು ಕುಗ್ಗುವಾಗ ಹೀಗೆ ಮೂಲೆಮೂಲೆಯಾಗಿ ಸೀಳುತ್ತದೆ. ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಈ ಕಲ್ಲುಗಳು ಹುಟ್ಟಿದವೆಂದು ವಿಜ್ಞಾನಿಗಳು ಗೊತ್ತುಮಾಡಿದ್ದಾರೆ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯು ಇವನ್ನು ರಾಷ್ಟ್ರೀಯ ಸ್ಮಾರಕಗಳ ಸಾಲಿಗೆ ಸೇರಿಸಿದೆ. 1498ರಲ್ಲಿ ವಾಸ್ಕೊ ಡ ಗಾಮನು ಇಲ್ಲಿ ಇಳಿದು ಮೇರಿ ಮಾತೆಯ ಹೆಸರನ್ನಿಟ್ಟನೆಂಬುದು ಐತಿಹ್ಯ. ಶಾಲೆಯಲ್ಲಿ ಭೂಗೋಳವನ್ನು ಉರುಹೊಡೆಯುವ ಹುಡುಗನಿಗೆ ಆ ಕಂಬಗಳ ಮೇಲೆ ಕೈಯಿಟ್ಟು ನಿಲ್ಲುವುದು ಹತ್ತು ಪಾಠಗಳಿಗೆ ಸಮ.

ಹಿಂದಿನ ತಲೆಮಾರಿನವರು ಆಗಬೋಟಿನಲ್ಲಿ ಕರಾವಳಿಯ ಬಂದರುಗಳನ್ನು ಒಂದೊಂದಾಗಿ ಮುಟ್ಟುತ್ತ ಮುಂಬಯಿಗೆ ಬಂದವರು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದ ಮೇಲೆ, ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದವನು ಮರುದಿನ ಬೆಳಗ್ಗೆ ಉಡುಪಿಯಲ್ಲಿ ಇಳಿಯುತ್ತಾನೆ. ಬೊರಿವಲಿಯವರು ಸಾಮಾನು ಹೊತ್ತು ಕುರ್ಲಾದವರೆಗೆ ಹೋಗಲೇಬೇಕೆಂದಿಲ್ಲ. ಘೋಡ್‌ಬಂದರ್ ರಸ್ತೆಯ ಬಸ್ಸು ಹಿಡಿದು ಥಾಣೆಯಲ್ಲಿ ಹತ್ತಬಹುದು. ಗುಜರಾತಿನಿಂದ ಕೇರಳಕ್ಕೆ ಹೋಗುವ ಕೆಲವು ರೈಲುಗಳನ್ನು ವಸಾಯಿ ರೋಡಿನಲ್ಲಿಯೂ ಹಿಡಿಯಬಹುದು. 2024ರ ನವೆಂಬರ್ 1ರಿಂದ ಮುಂಗಡ ಟಿಕೇಟಿನ ಅವಧಿಯು 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಡಿಸೆಂಬರ್ 25ರಂದು ಹೊರಡುವವನಿಗೆ ಅಕ್ಟೋಬರ್ 26ರ ಬೆಳಗ್ಗೆ 8 ಗಂಟೆಗೆ ಟಿಕೇಟು ತೆರೆಯುತ್ತದೆ. ಆ ಹೊತ್ತಿಗೆ ಹೋಟೆಲಿನಲ್ಲಿ ತಿಂಡಿಯ ಗಡಿಬಿಡಿ. ಆದುದರಿಂದ ಈ ಕೆಲಸವನ್ನು ಮನೆಯಲ್ಲಿರುವ ಓದಿದ ಮಗನಿಗೋ ಮಗಳಿಗೋ ಮೊದಲೇ ವಹಿಸಬೇಕು.

ಹೆಂಡತಿ ಮಕ್ಕಳನ್ನು ಊರಿನಲ್ಲಿಯೇ ಬಿಟ್ಟಿರುವವನಿಗೆ ಈ ಪ್ರವಾಸ ಇನ್ನೂ ಸುಲಭ. ಟಿಕೇಟು ಅವನೊಬ್ಬನಿಗೆ ಸಾಕು. ಮಕ್ಕಳ ಶಾಲೆ ತಪ್ಪಿಸಬೇಕಾಗಿಲ್ಲ. ಒಂದು ಶನಿವಾರ ರಾತ್ರಿ ಉಡುಪಿಯಲ್ಲಿ ತಂಗಿ, ಭಾನುವಾರ ದ್ವೀಪಕ್ಕೆ ಹೋಗಿಬರಬಹುದು. ವೃದ್ಧ ತಂದೆತಾಯಿಗಳಿದ್ದರೆ ಶ್ರೀಕೃಷ್ಣನ ದರ್ಶನವೂ ಆಗುತ್ತದೆ. ಆದರೆ ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ಪರ್ಯಾಯ ಬರುತ್ತದೆ. 2026ರಲ್ಲಿ ಆದದ್ದು ಮುಂದೆ 2028ರಲ್ಲಿ ಆಗುವುದು. ಆ ದಿನಗಳಲ್ಲಿ ಉಡುಪಿಯಲ್ಲಿ ತಂಗಲು ಸ್ಥಳ ದೊರೆಯುವುದು ದುರ್ಲಭ.

ದೂರದ ದ್ವೀಪಗಳು

ಹತ್ತು ಹನ್ನೆರಡು ದಿನಗಳ ರಜೆಯೂ ಕೂಡಿಟ್ಟ ಹಣವೂ ಉಳ್ಳವರು ದೂರದ ವಿಚಾರ ಮಾಡಬಹುದು. ಲಕ್ಷದ್ವೀಪವು ನಮಗೆ ಪರಸ್ಥಳವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೇತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಅಲ್ಲಿನ ಕೊಬ್ಬರಿಯೂ ತೆಂಗಿನ ನಾರೂ ಹಾಯಿಹಡಗುಗಳಲ್ಲಿ ಮಂಗಳೂರಿಗೆ ಬರುತ್ತಿದ್ದವು. ಇಂದು ಮಾತ್ರ ಅಲ್ಲಿಗೆ ಕಾಲಿಡಲು ಭಾರತೀಯರಿಗೂ ಪರವಾನಿಗೆ ಬೇಕು. ಕೊಚ್ಚಿಯಿಂದ ಹಡಗು, ಅಗತ್ತಿಗೆ ವಿಮಾನ. ಪರವಾನಿಗೆ ಕೈಸೇರುವ ಮೊದಲು ಬೇರೆ ಯಾವುದಕ್ಕೂ ಹಣ ಕಟ್ಟಬಾರದು.

ಅಂಡಮಾನದ ಮುಖ್ಯ ದ್ವೀಪಗಳಿಗೆ ಭಾರತೀಯರಿಗೆ ಅಂಥ ಪರವಾನಿಗೆ ಬೇಕಾಗಿಲ್ಲ. 2024ರಲ್ಲಿ ಶ್ರೀ ವಿಜಯಪುರವೆಂದು ಹೆಸರು ಬದಲಿಸಿದ ಪೋರ್ಟ್ ಬ್ಲೇರಿಗೆ ಚೆನ್ನೈಯಿಂದ ಹಡಗಿನಲ್ಲಿ ಹೋದರೆ ಹೋಗುವಾಗ ಮೂರು ದಿನ, ಬರುವಾಗ ಮೂರು ದಿನಗಳ ಆಸುಪಾಸು. ವಿಮಾನದಲ್ಲಿ ಹೋದರೆ ಹಣ ಹೆಚ್ಚು. ಅಲ್ಲಿಯ ಮಳೆ ನಮ್ಮ ಮಳೆಯಂತಲ್ಲವೆಂಬುದನ್ನೂ ಗಮನಿಸಬೇಕು. ಪಶ್ಚಿಮ ಕರಾವಳಿಯಲ್ಲಿ ಆಕಾಶ ತಿಳಿಯಾದ ನವೆಂಬರಿನಲ್ಲಿ ಬಂಗಾಳ ಕೊಲ್ಲಿಯು ಹಿಂಗಾರಿನಿಂದಲೂ ಚಂಡಮಾರುತಗಳಿಂದಲೂ ಕದಡಿರುತ್ತದೆ. ಅಂಡಮಾನಕ್ಕೆ ಜನವರಿ ಫೆಬ್ರವರಿಗಳೇ ಲೇಸು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವ ಗುಮಾಸ್ತರು, ನಾಲ್ಕು ವರ್ಷಗಳ ಅವಧಿಯಲ್ಲಿ ಒಮ್ಮೆ ದೇಶದ ಯಾವ ಭಾಗಕ್ಕಾದರೂ ಹೋಗಲು ಸಿಕ್ಕುವ ಪ್ರವಾಸ ರಿಯಾಯಿತಿಯನ್ನು ಊರಿನ ಪ್ರಯಾಣಕ್ಕೇ ಮುಗಿಸದೆ ಇಂಥದಕ್ಕೆ ಮೀಸಲಿಡುವುದು ಜಾಣತನ.

ಸಮುದ್ರದ ಮುಂದೆ ವಿನಯ

ಕರಾವಳಿಯಲ್ಲಿ ಹುಟ್ಟಿದವರಿಗೆ ನೀರಿನ ಭಯ ಕಡಿಮೆ. ಅಪಾಯವಿರುವುದೂ ಅಲ್ಲಿಯೇ. 1947ರ ಜುಲೈ 17ರಂದು ಮುಂಬಯಿಯ ಭಾವೂಚಾ ಧಕ್ಕೆಯಿಂದ ರೇವಸಕ್ಕೆ ಹೊರಟ ರಾಮದಾಸ್ ಎಂಬ ಹಡಗು ಮಳೆಗಾಲದ ಕಡಲಿನಲ್ಲಿ ಮಗುಚಿ ಆರುನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಚಳಿಗಾಲದ ಶಾಂತ ಸಮುದ್ರವೂ ಮೈಮರೆಯತಕ್ಕದ್ದಲ್ಲ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೋಗುತ್ತಿದ್ದ ನೀಲಕಮಲ್ ದೋಣಿಗೆ ನೌಕಾಪಡೆಯ ವೇಗದ ದೋಣಿಯೊಂದು ಅಪ್ಪಳಿಸಿ 15 ಮಂದಿ ಮಡಿದರು. ಆ ಬಳಿಕ ಅಲ್ಲಿ ಪ್ರಯಾಣಿಕರೆಲ್ಲರೂ ಲೈಫ್ ಜಾಕೆಟ್ ತೊಡಬೇಕೆಂದು ಕಟ್ಟುನಿಟ್ಟು ಮಾಡಲಾಯಿತು. 2022ರ ಎಪ್ರಿಲಿನಲ್ಲಿ ಮಲ್ಪೆಯ ದ್ವೀಪದಲ್ಲಿಯೇ ಕೇರಳದಿಂದ ಬಂದ ವಿದ್ಯಾರ್ಥಿಗಳು ನೀರುಪಾಲಾದರು.

ಆದುದರಿಂದ ಸಂಸಾರದ ಯಜಮಾನನು ಮೂರು ವಿಷಯಗಳಲ್ಲಿ ಯಾರ ಮಾತಿಗೂ ಮಣಿಯಬಾರದು. ದೋಣಿಯಲ್ಲಿ ಹಸುಳೆಯಿಂದ ಅಜ್ಜಿಯವರೆಗೆ ಎಲ್ಲರೂ ಜಾಕೆಟ್ ತೊಡಬೇಕು. ತುಂಬಿತುಳುಕುವ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯಬೇಕು. ಹಸಿ ಬಂಡೆಗಳ ಅಂಚಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಬಾರದು. ತೋನ್ಸೆಪಾರಿನ ಕಲ್ಲುಗಳ ಅಂಚು ಹರಿತ, ಅಲ್ಲಿನ ನೀರು ಈಜಿಗೆ ತಕ್ಕುದಲ್ಲ. ಕಾವಲುಗಾರರು ತಡೆದ ಕಡೆ ನಿಲ್ಲುವುದರಲ್ಲಿ ಅವಮಾನವೇನೂ ಇಲ್ಲ.

ಖರ್ಚಿನ ಲೆಕ್ಕವೂ ಮನೆಯಾಕೆಯ ಮಾತೂ

ಸಾಲ ಮಾಡಿ ಪ್ರವಾಸ ಮಾಡಬೇಡಿರಿ ಎಂದು ಹೇಳಲೇಬೇಕಾಗಿದೆ. ಕಂತಿನಲ್ಲಿ ಪ್ರವಾಸ ಮಾರುವ ಜಾಹೀರಾತುಗಳು ಕೈಯ ಫೋನಿನಲ್ಲಿಯೇ ಬಂದು ಕೂರುವ ಕಾಲವಿದು. ಫೆಬ್ರವರಿಯಿಂದ ನವೆಂಬರಿನವರೆಗೆ ತಿಂಗಳಿಗೆ ಒಂದು ಸಾವಿರದಂತೆ ತೆಗೆದಿಟ್ಟರೆ ಹತ್ತು ಸಾವಿರವಾಗುತ್ತದೆ. ಐನೂರಾದರೆ ಐದು ಸಾವಿರ. ಆ ಮೊತ್ತವನ್ನು ರೈಲು, ದೋಣಿ, ವಸತಿ, ಊಟ ಎಂದು ನಾಲ್ಕು ಬಾಬುಗಳಾಗಿ ಬರೆದು, ಐದನೆಯದಾಗಿ ಕಾಯಿಲೆ ಕಸಾಲೆಗೆಂದು ಸ್ವಲ್ಪ ಬದಿಗಿಡಬೇಕು. ಊರವರಿಗೆ ಒಯ್ಯುವ ಉಡುಗೊರೆಗಳನ್ನು ಈ ಲೆಕ್ಕದಲ್ಲಿ ಸೇರಿಸಬಾರದು. ನಮ್ಮವರ ಪ್ರವಾಸದ ಹಣವೆಲ್ಲ ಕರಗುವುದು ಹೆಚ್ಚಾಗಿ ಅಲ್ಲಿಯೇ.

ಉಡುಪಿಯಲ್ಲಿ ಭಾವನ ಮನೆ ಇರುವಾಗ ವಸತಿಗೃಹದ ಬಾಡಿಗೆ ಏಕೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಭಾವನ ಮನೆಗೆ ಹೋದರೆ ಮನೆಯಾಕೆ ನೆಂಟಳಾಗಿ ಕುಳಿತಿರಲಾರಳು, ಒಲೆಯ ಮುಂದೆ ಹೋಗಲೇಬೇಕು. ಬೇರೆ ದಿನಗಳಲ್ಲಿ ಅಲ್ಲಿಗೆ ಹೋಗಲಿ. ಈ ಒಂದೆರಡು ದಿನ ಆಕೆಗೆ ಬಡಿಸಿಕೊಂಡು ಉಣ್ಣುವ ಸುಖ ಸಿಕ್ಕಲಿ. ವರ್ಷವೆಲ್ಲ ಪರರಿಗೆ ಬಡಿಸುವ ಗಂಡನಿಗೆ ಇದರ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ. ಎಲ್ಲಿಗೆ, ಯಾವಾಗ, ಎಷ್ಟು ದಿನ ಎಂಬುದನ್ನು ಆಕೆಯನ್ನು ಕೇಳಿಯೇ ಗೊತ್ತುಮಾಡತಕ್ಕದ್ದು. ಬೊರಿವಲಿಗೆ ಬಂದು ಇಪ್ಪತ್ತು ವರ್ಷವಾದರೂ ಗೋರಾಯಿಯ ಖಾಡಿಯನ್ನು ದಾಟದ ಗೃಹಿಣಿಯರು ನಮ್ಮಲ್ಲಿ ಇದ್ದಾರೆ. ಅವರಿಗೆ ಅಂಡಮಾನಕ್ಕಿಂತ ಮೊದಲು ಆ ಖಾಡಿಯೇ ಬೇಕಾಗಿರಬಹುದು.

ಮಕ್ಕಳು ಬೆಳೆಯುವುದು ರಜೆಯನ್ನು ಕಾಯುವುದಿಲ್ಲ. ಹತ್ತು ವರ್ಷದ ಹುಡುಗ ಅಪ್ಪನ ಕೈಹಿಡಿದು ದೋಣಿ ಹತ್ತಲು ಹಾತೊರೆಯುತ್ತಾನೆ. ಹದಿನೇಳು ತುಂಬಿದಾಗ ಅವನಿಗೆ ಅವನದೇ ಗೆಳೆಯರು, ಅವನದೇ ಕೆಲಸ. ನಡುವೆ ಇರುವ ಚಳಿಗಾಲಗಳು ಏಳೇ ಏಳು. ಗೋಡೆಯ ಕ್ಯಾಲೆಂಡರನ್ನು ಇಂದು ರಾತ್ರಿಯೇ ಕೆಳಗಿಳಿಸಿ, ಎಲ್ಲರೂ ಸುತ್ತ ಕುಳಿತು, ಬರುವ ಡಿಸೆಂಬರಿನ ಅಥವಾ ಜನವರಿಯ ಒಂದು ವಾರಕ್ಕೆ ಗುರುತು ಹಾಕಿರಿ. ನಾಳೆ ಕೆಲಸಕ್ಕೆ ಹೋದೊಡನೆ ಆ ತಾರೀಖನ್ನು ಧಣಿಗಳಿಗೋ ಮೇಲಧಿಕಾರಿಗಳಿಗೋ ತಿಳಿಸಿರಿ. ನಮ್ಮ ವಾಚಕ ಬಾಂಧವರ ಪ್ರಯಾಣ ಸುಖಕರವಾಗಲೆಂದು ಹಾರೈಸುತ್ತೇವೆ.